ಚಕ್ರವನ್ನು ಹೊರಕ್ಕೆ ತಳ್ಳುವ ಬಿಲ್ಲೆ: ಅಂದಕ್ಕಿಂತ ಅಪಾಯವೇ ಹೆಚ್ಚು

ಕೋಲಾರ ಜಿಲ್ಲೆಯ ಅನೇಕ ರೈತರ ಮನೆಯಂಗಳದಲ್ಲಿ ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಇಂದು ಪಿಕಪ್ ವಾಹನವೋ, ಸಣ್ಣ ಕಾರೋ, ಹಳೆಯ ಜೀಪೋ ನಿಂತಿರುತ್ತದೆ. ಕೋಲಾರದ ಎ.ಪಿ.ಎಂ.ಸಿ.ಗೆ ಮತ್ತು ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿ ಮಾರುಕಟ್ಟೆಗೆ ಟೊಮೆಟೊ ಸಾಗಬೇಕು. ಶ್ರೀನಿವಾಸಪುರದ ಮಂಡಿಗಳಿಗೆ ಮಾವು ಹೋಗಬೇಕು. ಮಾಲೂರು, ನರಸಾಪುರಗಳ ಕಾರ್ಖಾನೆಗಳಿಗೆ ಮನೆಯ ಹುಡುಗರು ಹೊತ್ತಿಗೆ ಸರಿಯಾಗಿ ತಲುಪಬೇಕು. ಇವೆಲ್ಲಕ್ಕೂ ವಾಹನ ಬೇಕೇ ಬೇಕು. ಬಹುಮಂದಿ ಕೊಳ್ಳುವುದು ಒಬ್ಬರೋ ಇಬ್ಬರೋ ಓಡಿಸಿ ಬಿಟ್ಟ ವಾಹನವನ್ನೇ.

ವಾಹನಗಳ ಜೊತೆಗೆ ಅವುಗಳನ್ನು ಮಾರ್ಪಡಿಸುವ ಹವ್ಯಾಸವೂ ಪೇಟೆಯಿಂದ ಹಳ್ಳಿಗೆ ಬಂದಿದೆ. ಇವುಗಳಲ್ಲಿ ಒಂದು, ಚಕ್ರಕ್ಕೂ ಹಬ್ಬಿಗೂ ನಡುವೆ ಲೋಹದ ಬಿಲ್ಲೆಯನ್ನು ಇರಿಸಿ ಚಕ್ರವನ್ನು ಹೊರಕ್ಕೆ ತರುವುದು. ಇದಕ್ಕೆ ಗ್ಯಾರೇಜುಗಳಲ್ಲಿ ಸ್ಪೇಸರ್ ಎನ್ನುತ್ತಾರೆ. ಒಂದು ಅಳತೆಯ ಹಬ್ಬಿಗೆ ಇನ್ನೊಂದು ಅಳತೆಯ ರಿಮ್ಮನ್ನು ಕೂಡಿಸಲು ಬಳಸುವ ದಪ್ಪ ಬಿಲ್ಲೆಗೆ ಅಡಾಪ್ಟರ್ ಎಂದು ಹೆಸರು. ಇವನ್ನು ಹಾಕಿಸುವುದು ಸುಲಭ. ಅದರಿಂದ ಆಗುವ ಕೇಡು ಮಾತ್ರ ಕಣ್ಣಿಗೆ ಕಾಣುವಂತಹದಲ್ಲ. ಆದುದರಿಂದ ಈ ವಿಚಾರವನ್ನು ನಮ್ಮ ರೈತರು ವಿವರವಾಗಿ ತಿಳಿದುಕೊಳ್ಳುವುದು ಅಗತ್ಯ.

ಜನ ಏಕೆ ಹಾಕಿಸುತ್ತಾರೆ?

ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳು. ಮೊದಲನೆಯದು ಅಂದ. ಚಕ್ರ ಮಡ್‌ಗಾರ್ಡಿನ ಅಂಚಿಗೆ ಬಂದು ನಿಂತರೆ ವಾಹನ ಅಗಲವಾಗಿ, ಗಟ್ಟಿಮುಟ್ಟಾಗಿ ಕಾಣುತ್ತದೆ. ಎರಡನೆಯದು, ಬೇರೆ ವಾಹನದಿಂದ ಬಿಚ್ಚಿದ ರಿಮ್ಮು ಅಥವಾ ದೊಡ್ಡ ಟೈರು ಅಗ್ಗವಾಗಿ ಸಿಕ್ಕಿದಾಗ ಅದನ್ನು ಹೇಗಾದರೂ ಕೂಡಿಸಬೇಕೆಂಬ ಆಸೆ. ಮೂರನೆಯದು ರೈತರಿಗೆ ನೇರವಾಗಿ ಸಂಬಂಧಿಸಿದ್ದು. ಚಕ್ರಗಳ ನಡುವಣ ಅಂತರ ಹೆಚ್ಚಾದರೆ ಹೊರೆ ಹೇರಿದ ಪಿಕಪ್ ವಾಹನ ತಿರುವಿನಲ್ಲಿ ಮಗುಚುವುದಿಲ್ಲ ಎಂಬ ನಂಬಿಕೆ ಅದು.

ಈ ನಂಬಿಕೆಯಲ್ಲಿ ಸ್ವಲ್ಪ ಸತ್ಯಾಂಶವಿದೆ. ಆದರೆ ಲೆಕ್ಕ ಹಾಕಿ ನೋಡಿದರೆ ಅದು ಎಷ್ಟು ಸ್ವಲ್ಪ ಎಂಬುದು ತಿಳಿಯುತ್ತದೆ. ಎಡಚಕ್ರದ ಮಧ್ಯದಿಂದ ಬಲಚಕ್ರದ ಮಧ್ಯಕ್ಕೆ 1350 ಮಿ.ಮೀ. ಅಂತರವಿರುವ ಒಂದು ವಾಹನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪ್ರತಿ ಬದಿಗೆ 30 ಮಿ.ಮೀ. ಬಿಲ್ಲೆ ಹಾಕಿದರೆ ಅಂತರ 1410 ಮಿ.ಮೀ. ಆಗುತ್ತದೆ. ಹೆಚ್ಚಳ ಶೇಕಡಾ ನಾಲ್ಕೂವರೆಯಷ್ಟೂ ಇಲ್ಲ. ವಾಹನ ಮಗುಚುವುದು ಅಗಲವೊಂದರಿಂದಲೇ ನಿರ್ಧಾರವಾಗುವುದಿಲ್ಲ, ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಆ ಎತ್ತರ 100 ಸೆಂ.ಮೀ.ನಿಂದ 110 ಸೆಂ.ಮೀ.ಗೆ ಏರಿದರೆ ಸಾಕು, ಅಂತರವನ್ನು ಹೆಚ್ಚಿಸಿದ್ದರಿಂದ ಬಂದ ಲಾಭವೆಲ್ಲ ಹೋಗಿ, ವಾಹನ ಮೊದಲಿಗಿಂತಲೂ ಬೇಗ ಮಗುಚುವ ಸ್ಥಿತಿಗೆ ಬರುತ್ತದೆ. ಬಿಲ್ಲೆ ಹಾಕಿಸಿದ ಧೈರ್ಯದಲ್ಲಿ ಟೊಮೆಟೊ ಬಾಕ್ಸುಗಳನ್ನು ಮೇಲೆ ಇನ್ನೊಂದು ಸಾಲು ಪೇರಿಸಿದರೆ ಆಗುವುದು ಇದೇ. ಹೊರೆಯನ್ನು ತಗ್ಗಿನಲ್ಲಿ ಹೇರಿ, ಹಗ್ಗ ಬಿಗಿದು, ತಿರುವಿನಲ್ಲಿ ನಿಧಾನಿಸುವುದರಿಂದ ಸಿಗುವ ಭದ್ರತೆಯನ್ನು ಯಾವ ಬಿಲ್ಲೆಯೂ ಕೊಡಲಾರದು.

ಭಾರ ಬೀಳುವುದು ಎಲ್ಲಿಗೆ?

ನೀರು ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದು ಮೈಲಿ ದೂರ ನಡೆಯಬಹುದು. ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ಹತ್ತು ಹೆಜ್ಜೆಗೆ ತೋಳು ಸೋಲುತ್ತದೆ. ಕೊಡದ ತೂಕ ಬದಲಾಗಿಲ್ಲ, ಭಾರ ಮೈಯಿಂದ ದೂರ ಸರಿದಿದೆ ಅಷ್ಟೆ. ಚಕ್ರದ ವಿಚಾರವೂ ಹೀಗೆಯೇ. ವಾಹನ ತಯಾರಿಸುವವರು ಚಕ್ರದ ಮಧ್ಯಭಾಗ ಹಬ್ಬಿನ ಬೇರಿಂಗಿಗೆ ಆದಷ್ಟು ಸಮೀಪ ಬರುವಂತೆ ಲೆಕ್ಕ ಹಾಕಿ ರಿಮ್ಮನ್ನು ಮಾಡಿರುತ್ತಾರೆ. ಬಿಲ್ಲೆ ಈ ಲೆಕ್ಕವನ್ನು ಕೆಡಿಸುತ್ತದೆ.

ಒಂದು ಚಕ್ರದ ಮೇಲೆ 400 ಕಿ.ಗ್ರಾಂ. ಭಾರ ಬೀಳುವ ಕಾರಿಗೆ 25 ಮಿ.ಮೀ. ಬಿಲ್ಲೆ ಹಾಕಿದರೆ, ಹಬ್ಬನ್ನು ಬಗ್ಗಿಸುವ ಬಲ 10 ಕಿ.ಗ್ರಾಂ.-ಮೀಟರಿನಷ್ಟು ಹೆಚ್ಚುತ್ತದೆ. ಒಂದು ಮೀಟರ್ ಉದ್ದದ ಹಾರೆಯ ತುದಿಗೆ 10 ಕಿ.ಗ್ರಾಂ. ಕಲ್ಲನ್ನು ತೂಗಹಾಕಿದಷ್ಟು ಬಲವಿದು. ಹಿಂಚಕ್ರದ ಮೇಲೆ 900 ಕಿ.ಗ್ರಾಂ. ಬೀಳುವಂತೆ ಹೊರೆ ಹೇರಿದ ಪಿಕಪ್ ವಾಹನಕ್ಕೆ 30 ಮಿ.ಮೀ. ಬಿಲ್ಲೆಯಾದರೆ ಇದು 27 ಕಿ.ಗ್ರಾಂ.-ಮೀಟರ್. ಇದು ವಾಹನ ಸುಮ್ಮನೆ ನಿಂತಿರುವಾಗಿನ ಲೆಕ್ಕ. ಗುಂಡಿಗೆ ಬಿದ್ದಾಗ, ರಸ್ತೆಯ ಉಬ್ಬನ್ನು ಹಾರಿದಾಗ ಬೀಳುವ ಪೆಟ್ಟು ಇದರ ಹಲವು ಪಟ್ಟು ಆಗಬಹುದು.

ಇದರ ಫಲವಾಗಿ ಬೇರಿಂಗು ಬೇಗ ಸವೆಯುತ್ತದೆ. ಮುಂಚಕ್ರವಾದರೆ ಸ್ಟೀರಿಂಗಿನ ನಡತೆಯೂ ಬದಲಾಗುತ್ತದೆ. ಒಂದು ಬದಿಯ ಚಕ್ರ ಗುಂಡಿಗೆ ಬಿದ್ದರೆ, ಇಲ್ಲವೇ ಒಂದು ಬದಿಯ ಬ್ರೇಕು ಮೊದಲು ಹಿಡಿದರೆ ಸ್ಟೀರಿಂಗು ಕೈಯಿಂದ ಕಿತ್ತುಕೊಂಡಂತೆ ಎಳೆಯುತ್ತದೆ. ಹೊರೆ ಹೆಚ್ಚಾದಾಗ ಟೈರು ಮಡ್‌ಗಾರ್ಡಿನ ಅಂಚಿಗೆ ಉಜ್ಜಿ ಕುಯ್ದುಹೋಗಬಹುದು. ಮಡ್‌ಗಾರ್ಡಿನಿಂದ ಹೊರಗೆ ಚಾಚಿದ ಚಕ್ರ, ಜಲ್ಲಿ ರಸ್ತೆಯಲ್ಲಿ ಹಿಂದೆ ಬರುವವರ ಮೇಲೆ ಕಲ್ಲು ಸಿಡಿಸುತ್ತದೆ.

ನಟ್ಟಿನ ಸುತ್ತುಗಳನ್ನು ಎಣಿಸಿ

ಬೇರಿಂಗು ಸವೆದರೆ ಸದ್ದು ಮಾಡಿ ಎಚ್ಚರಿಸುತ್ತದೆ. ಚಕ್ರವೇ ಕಳಚುವ ಅಪಾಯ ಇದಕ್ಕಿಂತ ದೊಡ್ಡದು. ಅದು ಹೇಗೆ ಬರುತ್ತದೆ ಎಂಬುದನ್ನು ತಿಳಿಯಲು ಚಕ್ರ ಹಬ್ಬಿಗೆ ಹೇಗೆ ನಿಂತಿದೆ ಎಂಬುದನ್ನು ನೋಡಬೇಕು.

ಎತ್ತಿನ ಗಾಡಿಯ ಚಕ್ರ ಅಚ್ಚಿನಿಂದ ಜಾರದಂತೆ ತಡೆಯುವುದು ಕಡೆಗೀಲು. ಮೋಟಾರು ವಾಹನದಲ್ಲಿ ಆ ಕೆಲಸ ನಾಲ್ಕೋ ಐದೋ ಆರೋ ನಟ್ಟುಗಳದು. ಆದರೆ ಭಾರವನ್ನು ಸ್ಟಡ್ಡುಗಳೇ ಹೊರುತ್ತವೆ ಎಂದು ತಿಳಿಯುವುದು ತಪ್ಪು. ನಟ್ಟನ್ನು ಬಿಗಿದಾಗ ಸ್ಟಡ್ಡು ಕೂದಲೆಳೆಯಷ್ಟು ಹಿಗ್ಗಿ, ರಿಮ್ಮನ್ನು ಹಬ್ಬಿಗೆ ಬಲವಾಗಿ ಒತ್ತಿ ಹಿಡಿಯುತ್ತದೆ. ಈ ಒತ್ತಡದಿಂದಾಗುವ ಹಿಡಿತವೇ ಭಾರವನ್ನು ಹೊರುವುದು. ಒತ್ತಡ ಸಡಿಲವಾದರೆ ರಿಮ್ಮು ಅತ್ತಿತ್ತ ಅಲುಗಾಡತೊಡಗುತ್ತದೆ. ಆಗ ಪ್ರತಿ ಸುತ್ತಿಗೂ ಸ್ಟಡ್ಡು ಒಮ್ಮೆ ಬಗ್ಗಿ ನೆಟ್ಟಗಾಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುವುದನ್ನು ಎಲ್ಲರೂ ಕಂಡಿದ್ದೇವೆ. ಸ್ಟಡ್ಡು ಮುರಿಯುವುದೂ ಹೀಗೆಯೇ. ಒಂದು ಮುರಿದರೆ ಉಳಿದವುಗಳ ಮೇಲೆ ಹೊರೆ ಹೆಚ್ಚಿ, ಅವು ಇನ್ನೂ ಬೇಗ ಮುರಿಯುತ್ತವೆ.

ಸ್ಪೇಸರುಗಳಲ್ಲಿ ಎರಡು ಬಗೆ. ಒಂದು, ಸ್ಟಡ್ಡುಗಳಿಗೆ ಸುಮ್ಮನೆ ಪೋಣಿಸುವ 3ರಿಂದ 10 ಮಿ.ಮೀ. ದಪ್ಪದ ತೆಳು ಬಿಲ್ಲೆ. ಇದನ್ನು ಹಾಕಿದಾಗ ಸ್ಟಡ್ಡಿನ ಉದ್ದ ಬೆಳೆಯುವುದಿಲ್ಲ, ಬಿಲ್ಲೆಯ ದಪ್ಪದಷ್ಟು ನಟ್ಟಿನ ಹಿಡಿತ ಕಡಮೆಯಾಗುತ್ತದೆ. ಸಾಮಾನ್ಯ ನಿಯಮವೆಂದರೆ ಸ್ಟಡ್ಡು ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ನಟ್ಟಿನೊಳಗೆ ಕಚ್ಚಿರಬೇಕು. 12 ಮಿ.ಮೀ. ದಪ್ಪದ, ಒಂದೂವರೆ ಮಿ.ಮೀ.ಗೆ ಒಂದು ಮರೆಯಿರುವ ಸ್ಟಡ್ಡಿಗೆ ನಟ್ಟು ಕನಿಷ್ಠ ಎಂಟು ಪೂರ್ಣ ಸುತ್ತು ತಿರುಗಿ ಬಿಗಿಯಾಗಬೇಕು. 5 ಮಿ.ಮೀ. ಬಿಲ್ಲೆ ಇಟ್ಟರೆ ಇದರಲ್ಲಿ ಮೂರು ಸುತ್ತಿಗಿಂತ ಹೆಚ್ಚು ನಷ್ಟ. ಸ್ಪಾನರಿಗೆ ಬಿಗಿ ಸಿಕ್ಕಿತು ಎಂದ ಮಾತ್ರಕ್ಕೆ ಹಿಡಿತ ಸಾಕಾಯಿತೆಂದು ಅರ್ಥವಲ್ಲ. ನಾಲ್ಕೈದು ಮರೆ ಮಾತ್ರ ಕಚ್ಚಿದ ನಟ್ಟೂ ಕೈಗೆ ಬಿಗಿಯಾಗಿಯೇ ಇರುತ್ತದೆ.

ಎರಡನೆಯ ಬಗೆ 20 ಮಿ.ಮೀ. ಅಥವಾ ಅದಕ್ಕಿಂತ ದಪ್ಪನಾದುದು. ಇದನ್ನು ತನ್ನದೇ ನಟ್ಟುಗಳಿಂದ ಹಬ್ಬಿಗೆ ಬಿಗಿದು, ಅದರಲ್ಲಿರುವ ಹೊಸ ಸ್ಟಡ್ಡುಗಳಿಗೆ ಚಕ್ರವನ್ನು ಕೂಡಿಸುತ್ತಾರೆ. ಅಡಾಪ್ಟರುಗಳೂ ಈ ಜಾತಿಯವೇ. ಇಲ್ಲಿ ನಟ್ಟಿನ ಹಿಡಿತ ಪೂರ್ತಿ ಸಿಗುತ್ತದೆಂಬುದು ನಿಜ. ಆದರೆ ಸಡಿಲವಾಗಬಹುದಾದ ಕೀಲು ಒಂದರ ಬದಲು ಎರಡಾಗುತ್ತದೆ. ಒಳಗಿನ ನಟ್ಟುಗಳು ಚಕ್ರದ ಹಿಂದೆ ಮರೆಯಾಗಿರುವುದರಿಂದ, ಅವು ಸಡಿಲವಾಗಿವೆಯೇ ಎಂದು ನೋಡಲು ಪ್ರತಿ ಸಲವೂ ಚಕ್ರ ಬಿಚ್ಚಬೇಕು. ದಿನವೂ ನಸುಕಿನಲ್ಲೇ ಮಂಡಿಗೆ ಓಡುವ ವಾಹನಕ್ಕೆ ಈ ಶುಶ್ರೂಷೆ ಮಾಡುವವರು ಯಾರು?

ಇನ್ನು ಬಿಲ್ಲೆಯ ನಡುವಣ ರಂಧ್ರ. ಹಬ್ಬಿನ ನಡುವೆ ಉಬ್ಬಿದ ಒಂದು ಬಳೆಯಿರುತ್ತದೆ. ರಿಮ್ಮಿನ ನಡುರಂಧ್ರ ಅದರ ಮೇಲೆ ಸರಿಯಾಗಿ ಕುಳಿತರೆ ಚಕ್ರ ತಂತಾನೇ ಮಧ್ಯಕ್ಕೆ ಬರುತ್ತದೆ. 'ಎಲ್ಲ ವಾಹನಕ್ಕೂ ಆಗುತ್ತದೆ' ಎಂದು ಮಾರುವ ಬಿಲ್ಲೆಗಳಲ್ಲಿ ಈ ರಂಧ್ರ ದೊಡ್ಡದಾಗಿರುತ್ತದೆ, ಸ್ಟಡ್ಡಿನ ರಂಧ್ರಗಳೂ ಉದ್ದುದ್ದವಾಗಿರುತ್ತವೆ. ಅಂದರೆ ಯಾವ ವಾಹನಕ್ಕೂ ಅದು ಕರಾರುವಾಕ್ಕಾಗಿ ಹೊಂದುವುದಿಲ್ಲ. ಚಕ್ರ ಒಂದು ಮಿ.ಮೀ. ವಾರೆಯಾಗಿ ಕುಳಿತರೂ ವೇಗದಲ್ಲಿ ನಡುಕ ಹುಟ್ಟುತ್ತದೆ, ನಡುಕದಿಂದ ನಟ್ಟು ಸಡಿಲವಾಗುತ್ತದೆ.

ಹಾಗಾದರೆ ಬಿಲ್ಲೆಯೇ ಕೆಟ್ಟದ್ದೇ?

ಹಾಗೆನ್ನಲಾಗದು. ಜರ್ಮನಿಯ ಪೋರ್ಷೆ ಕಂಪನಿ ತನ್ನ ಕೆಲವು ಕಾರುಗಳಿಗೆ ತಾನೇ ಸ್ಪೇಸರುಗಳನ್ನು, ಅವಕ್ಕೆ ತಕ್ಕ ಉದ್ದದ ಬೋಲ್ಟುಗಳ ಸಮೇತ ಒದಗಿಸಿದೆ. ಆ ದೇಶದಲ್ಲಿ ಹೊರಗಿನವರು ತಯಾರಿಸಿದ ಬಿಲ್ಲೆಗೂ ಪರೀಕ್ಷೆಯ ವರದಿ ಇರಬೇಕು. ಯಾವ ಮಾದರಿಯ ಕಾರಿಗೆ, ಯಾವ ಅಳತೆಯ ರಿಮ್ಮಿನೊಡನೆ ಅದು ಸಲ್ಲುತ್ತದೆ ಎಂಬುದು ಅದರಲ್ಲಿ ಬರೆದಿರಬೇಕು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಟ್ರ್ಯಾಕ್ಟರನ್ನೇ ನೋಡಬಹುದು. ಹಿಂಚಕ್ರದ ಡಿಸ್ಕನ್ನು ತಿರುಗಿಸಿ ಹಾಕಿ, ಇಲ್ಲವೇ ರಿಮ್ಮಿನ ಲಗ್ಗುಗಳಿಗೆ ಅದನ್ನು ಬೇರೆ ಬದಿಯಿಂದ ಕೂಡಿಸಿ, ಸಾಲುಗಳ ಅಂತರಕ್ಕೆ ತಕ್ಕಂತೆ ಚಕ್ರಗಳನ್ನು ಅಗಲಿಸುವುದು ಅನೇಕ ರೈತರಿಗೆ ಗೊತ್ತಿರುವ ಕೆಲಸ. ಮುಂದಿನ ಅಚ್ಚನ್ನೂ ರಂಧ್ರದಿಂದ ರಂಧ್ರಕ್ಕೆ ಎಳೆದು ಅಗಲಿಸಬಹುದು. ಇದರಿಂದ ಅಪಾಯವಿಲ್ಲ, ಏಕೆಂದರೆ ಅಚ್ಚು, ಬೇರಿಂಗು, ಬೋಲ್ಟುಗಳನ್ನು ಆ ಎಲ್ಲ ಅಂತರಗಳಿಗೂ ತಡೆಯುವಂತೆ ತಯಾರಕರೇ ಮಾಡಿದ್ದಾರೆ. ಯಾವ ಅಂತರಕ್ಕೆ ಹೇಗೆ ಜೋಡಿಸಬೇಕೆಂದು ಕೈಪಿಡಿಯಲ್ಲಿ ಬರೆದಿದ್ದಾರೆ. ಕಾರಿಗೂ ಪಿಕಪ್ಪಿಗೂ ಇಂತಹ ಅವಕಾಶವನ್ನು ಇಟ್ಟಿಲ್ಲ. ಅವುಗಳಿಗೆ ತಯಾರಕರು ಕೊಟ್ಟಿರುವುದು ಒಂದೇ ಅಂತರ.

ಆದುದರಿಂದ ಬಿಲ್ಲೆ ಗಟ್ಟಿಯೋ ಅಲ್ಲವೋ ಎಂಬುದೊಂದನ್ನೇ ಕೇಳಿದರೆ ಸಾಲದು. ಈ ವಾಹನಕ್ಕೆ, ಈ ಹೊರೆಗೆ ಅದು ಸಲ್ಲುತ್ತದೆಂದು ಪರೀಕ್ಷಿಸಿ ಹೊಣೆ ಹೊತ್ತವರು ಯಾರು ಎಂದೂ ಕೇಳಬೇಕು. ಹೆಸರು, ಗುರುತು, ಪರೀಕ್ಷೆಯ ದಾಖಲೆ ಯಾವುದೂ ಇಲ್ಲದೆ ಮಾರುವ ಬಿಲ್ಲೆಗಾಗಲಿ, ಲೇತಿನಲ್ಲಿ ಕಡೆಸಿ ತಂದ ಬಿಲ್ಲೆಗಾಗಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಬಡಿದು ಗಟ್ಟಿಗೊಳಿಸಿದ ಅಲ್ಯೂಮಿನಿಯಂ ಮಿಶ್ರಲೋಹವೂ, ಅಚ್ಚಿಗೆ ಎರಕ ಹೊಯ್ದ ಅಗ್ಗದ ಲೋಹವೂ ಬಣ್ಣ ಬಳಿದ ಮೇಲೆ ನೋಡಲು ಒಂದೇ. ಎರಕದ ಬಿಲ್ಲೆ ಸೀಳಿದ ಮೇಲಷ್ಟೇ ವ್ಯತ್ಯಾಸ ತಿಳಿಯುವುದು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಸ್ಪೇಸರಿನ ಹೆಸರು ಎತ್ತುವುದಿಲ್ಲ. ಆದರೆ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ನಿಗದಿ ಮಾಡಿದ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದೆಂದು ಹೇಳುತ್ತದೆ. 2019ರ ಜನವರಿ 9ರಂದು ಸುಪ್ರೀಂ ಕೋರ್ಟು, ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಅಲ್ಲಿನ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ, ತಯಾರಕರ ನಿಗದಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಅದೇ ವರ್ಷ ಕಾಯಿದೆಗೆ ತಂದ ತಿದ್ದುಪಡಿಯಲ್ಲಿ 182-ಎ ಕಲಮನ್ನು ಬದಲಿಸಿ ಹೊಸದಾಗಿ ಬರೆಯಲಾಯಿತು. ಇದರಂತೆ, ಕಾಯಿದೆ ಮತ್ತು ನಿಯಮಗಳು ಒಪ್ಪದ ರೀತಿಯಲ್ಲಿ ಹೊರಗಿನ ಬಿಡಿಭಾಗ ಕೂಡಿಸಿ ವಾಹನ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಟಿಗೆ 5,000 ರೂ. ದಂಡ, ಅಥವಾ ಎರಡನ್ನೂ ವಿಧಿಸಬಹುದು. ಇಲ್ಲಿ ಮಾಲೀಕ ಎಂಬ ಮಾತನ್ನು ಗಮನಿಸಬೇಕು. ಹಾಕಿಕೊಟ್ಟ ಗ್ಯಾರೇಜಿನವರನ್ನು ತೋರಿಸಿ ಮಾಲೀಕ ತಪ್ಪಿಸಿಕೊಳ್ಳಲಾರ.

ಬಾಡಿಗೆಗೆ ಓಡುವ ಪಿಕಪ್ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಅರ್ಹತಾ ಪತ್ರ ಪಡೆಯಬೇಕು. ಆ ತಪಾಸಣೆಯ ದಿನ ಬಿಲ್ಲೆ ಬಿಚ್ಚಿ, ಮರುದಿನ ಹಾಕಿಸಿಕೊಂಡವರು ಅಧಿಕಾರಿಯ ಕಣ್ಣು ತಪ್ಪಿಸಬಹುದು, ರಸ್ತೆಯ ಗುಂಡಿಯನ್ನು ತಪ್ಪಿಸಲಾಗದು.

ವಿಮೆಯ ವಿಚಾರ ಇದಕ್ಕಿಂತ ಮುಖ್ಯ. ವಾಹನವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕೆಂಬುದು ವಿಮಾ ಪತ್ರದಲ್ಲೇ ಇರುವ ಷರತ್ತು. ತಿಳಿಸದೆ ಮಾಡಿದ ಮಾರ್ಪಾಟಿನಿಂದ ಅಪಘಾತವಾಯಿತೆಂದು ಸಮೀಕ್ಷಕರು ಕಂಡುಕೊಂಡರೆ, ವಾಹನದ ನಷ್ಟಕ್ಕೆ ಸಿಗಬೇಕಾದ ಹಣಕ್ಕೆ ತಕರಾರು ಬರುತ್ತದೆ. ಸಾಲ ಮಾಡಿ ತಂದ ವಾಹನವಾದರೆ, ವಾಹನ ಹೋಗಿ ಸಾಲದ ಕಂತು ಮಾತ್ರ ಉಳಿಯುತ್ತದೆ. ಕಳಚಿದ ಚಕ್ರ ದಾರಿಹೋಕರಿಗೆ ಬಡಿದರೆ ಆಗುವ ಅನಾಹುತಕ್ಕೆ ಹಣದಲ್ಲಿ ಲೆಕ್ಕವೇ ಇಲ್ಲ.

ಬೇರೆ ರಿಮ್ಮು ಬೇಕಾದರೆ

ರಿಮ್ಮು ಹಾಳಾಗಿ ಬೇರೆಯದು ಕೊಳ್ಳಬೇಕಾದಾಗ ನಾಲ್ಕು ಅಳತೆಗಳನ್ನು ತಾಳೆ ನೋಡಬೇಕು: ನಟ್ಟಿನ ರಂಧ್ರಗಳ ಸಂಖ್ಯೆ, ಆ ರಂಧ್ರಗಳು ಕುಳಿತ ವೃತ್ತದ ಅಡ್ಡಳತೆ, ನಡುರಂಧ್ರದ ಅಳತೆ ಮತ್ತು ಆಫ್‌ಸೆಟ್. ಆಫ್‌ಸೆಟ್ ಎಂದರೆ ಹಬ್ಬಿಗೆ ತಾಗುವ ಮುಖ ರಿಮ್ಮಿನ ಮಧ್ಯರೇಖೆಯಿಂದ ಎಷ್ಟು ದೂರವಿದೆ ಎಂಬುದು. ಇದು ಸಾಮಾನ್ಯವಾಗಿ ರಿಮ್ಮಿನ ಮೇಲೆ ಇ.ಟಿ. ಎಂಬ ಅಕ್ಷರಗಳೊಡನೆ ಮಿ.ಮೀ.ನಲ್ಲಿ ಅಚ್ಚಾಗಿರುತ್ತದೆ.

ವೃತ್ತದ ಅಳತೆ ಕೆಲವು ಸಣ್ಣ ಕಾರುಗಳಲ್ಲಿ 100 ಮಿ.ಮೀ., ಇನ್ನು ಕೆಲವದರಲ್ಲಿ 114.3 ಮಿ.ಮೀ. ಹಳೆಯ ವಿಲ್ಲೀಸ್ ಜೀಪಿನಲ್ಲಿ ಐದು ರಂಧ್ರ, ಐದೂವರೆ ಅಂಗುಲ, ಅಂದರೆ 139.7 ಮಿ.ಮೀ. ಹೀಗಿರುವಲ್ಲಿ ಒಂದರ ರಿಮ್ಮು ಇನ್ನೊಂದಕ್ಕೆ ಹೊಂದುವುದಿಲ್ಲ. ಹೊಂದದ ರಿಮ್ಮನ್ನು ಅಗ್ಗವಾಗಿ ತಂದು, ಅಡಾಪ್ಟರಿಗೆ ಹಣ ಸುರಿಯುವುದಕ್ಕಿಂತ ತಕ್ಕ ಅಳತೆಯ ರಿಮ್ಮನ್ನೇ ಕೊಳ್ಳುವುದು ಲೇಸು. ಸರಕು ವಾಹನಕ್ಕಾದರೆ ರಿಮ್ಮು ಮತ್ತು ಟೈರು ಎಷ್ಟು ಭಾರ ಹೊರಬಲ್ಲವೆಂಬುದನ್ನೂ ನೋಡಬೇಕು. ತಲಾ 15 ಕಿ.ಗ್ರಾಂ. ಟೊಮೆಟೊ ತುಂಬಿದ 100 ಬಾಕ್ಸುಗಳೆಂದರೆ ಬಾಕ್ಸಿನ ತೂಕ ಬಿಟ್ಟೇ ಒಂದೂವರೆ ಟನ್ನು. ಕಾರಿನ ಅಲಂಕಾರದ ರಿಮ್ಮು ಈ ಹೊರೆಗೆ ಮಾಡಿದ್ದಲ್ಲ.

ಹಳೆಯ ವಾಹನ ಕೊಳ್ಳುವವರಿಗೆ

ಬೇರೆಯವರು ಓಡಿಸಿದ ವಾಹನ ಕೊಳ್ಳುವಾಗ ಇಂಜಿನ್ನಿನ ಸದ್ದು ಕೇಳಿ, ಬಣ್ಣ ನೋಡಿ ಬಂದುಬಿಡುವುದು ಸಾಮಾನ್ಯ. ಕುಳಿತು ಚಕ್ರದ ಹಿಂಬದಿಗೂ ಬ್ಯಾಟರಿ ಬಿಟ್ಟು ನೋಡಬೇಕು. ಡ್ರಮ್ಮಿಗೋ ಬ್ರೇಕಿನ ಡಿಸ್ಕಿಗೋ ರಿಮ್ಮು ನೇರವಾಗಿ ಅಂಟಿರಬೇಕು. ನಡುವೆ ಇನ್ನೊಂದು ಲೋಹದ ಪದರ ಕಂಡರೆ ಅದು ಬಿಲ್ಲೆ. ಚಕ್ರ ಮಡ್‌ಗಾರ್ಡಿನಿಂದ ಆಚೆಗೆ ಬಂದಿದ್ದರೂ ಸಂಶಯ ಪಡಬೇಕು. ಅನುಮಾನವಿದ್ದರೆ ಹಣ ಕೊಡುವ ಮೊದಲೇ ಒಂದು ಚಕ್ರ ಬಿಚ್ಚಿಸಿ ನೋಡಲು ಸಂಕೋಚ ಬೇಡ.

ಈಗಾಗಲೇ ಹಾಕಿಸಿರುವವರು ಅದನ್ನು ತೆಗೆಸಿ, ಮೂಲ ರಿಮ್ಮನ್ನೇ ಹಾಕಿಸುವುದು ಉತ್ತಮ. ತೆಗೆಸುವಾಗ ಸ್ಟಡ್ಡುಗಳ ಮರೆ ಸವೆದಿದೆಯೇ, ಸ್ಟಡ್ಡು ಬಗ್ಗಿದೆಯೇ, ಬೇರಿಂಗಿನಲ್ಲಿ ಅಲುಗಾಟವಿದೆಯೇ ಎಂದು ಪರೀಕ್ಷಿಸಬೇಕು. ಕೆಟ್ಟ ಸ್ಟಡ್ಡು ಒಂದೇ ಆದರೂ ಬದಲಿಸಬೇಕು. ತೆಗೆಸುವವರೆಗೆ ಹೊರೆ ಹೇರಬಾರದು, ಹೆದ್ದಾರಿಯಲ್ಲಿ ವೇಗವಾಗಿ ಓಡಿಸಬಾರದು. ಸ್ಟೀರಿಂಗಿನಲ್ಲಿ ಹೊಸದಾಗಿ ನಡುಕ, ಚಕ್ರದ ಕಡೆಯಿಂದ ಟಿಕ್ ಟಿಕ್ ಸದ್ದು ಅಥವಾ ಗುಂಯ್‌ಗುಡುವಿಕೆ, ನಟ್ಟಿನ ಸುತ್ತ ತುಕ್ಕಿನ ಕೆಂಪು ಗೆರೆ ಕಂಡರೆ ವಾಹನವನ್ನು ಅಲ್ಲಿಯೇ ನಿಲ್ಲಿಸಬೇಕು. 'ಊರು ತಲುಪಿ ನೋಡೋಣ' ಎನ್ನಬಾರದು.

ಬಿಲ್ಲೆ ಇಲ್ಲದವರಿಗೂ ಒಂದು ಮಾತು

ಪಂಚರು ಹಾಕಿಸಿದ ಮೇಲೆ ನಟ್ಟು ಬಿಗಿಯುವ ನಮ್ಮ ರೀತಿಯೂ ತಿದ್ದಬೇಕಾದುದೇ. ಅನೇಕ ಸಣ್ಣ ಕಾರುಗಳಿಗೆ ಬೇಕಾದ ಬಿಗಿ ಸುಮಾರು 9ರಿಂದ 12 ಕಿ.ಗ್ರಾಂ.-ಮೀಟರ್. ತಮ್ಮ ವಾಹನದ ಸರಿಯಾದ ಅಂಕಿಯನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. 40 ಸೆಂ.ಮೀ. ಉದ್ದದ ಸ್ಪಾನರಿನ ತುದಿಯಲ್ಲಿ 25 ಕಿ.ಗ್ರಾಂ. ಬಲದಿಂದ ಒತ್ತಿದರೆ 10 ಕಿ.ಗ್ರಾಂ.-ಮೀಟರ್ ಆಗುತ್ತದೆ. 70 ಕಿ.ಗ್ರಾಂ. ತೂಕದ ಆಳು ಅದೇ ಸ್ಪಾನರಿನ ಮೇಲೆ ಹತ್ತಿ ನಿಂತರೆ ಅದು 28 ಆಗುತ್ತದೆ. ಹೀಗೆ ತುಳಿದು ಬಿಗಿದ ಸ್ಟಡ್ಡು ಮಿತಿಮೀರಿ ಹಿಗ್ಗಿ, ಅಲ್ಲಿಂದಲೇ ದುರ್ಬಲವಾಗುತ್ತದೆ. ರಿಮ್ಮು ಮತ್ತು ಹಬ್ಬು ಕೂಡುವ ಮುಖಗಳಲ್ಲಿ ಮಣ್ಣು, ತುಕ್ಕು ಇರದಂತೆ ಒರೆಸಿ, ಒಂದಾದ ಮೇಲೆ ಅದರ ಎದುರಿನದು ಎಂಬ ಕ್ರಮದಲ್ಲಿ ನಟ್ಟುಗಳನ್ನು ಬಿಗಿಯಬೇಕು. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಬೇಕು.

ಚಕ್ರ ಹೊರಕ್ಕೆ ಬಂದರೆ ವಾಹನ ಗಟ್ಟಿಯಾಗುವುದಿಲ್ಲ, ಗಟ್ಟಿಯಾದಂತೆ ಕಾಣುತ್ತದೆ ಅಷ್ಟೆ. ಈ ತೋರಿಕೆಗೆ ತೆರಬೇಕಾದ ಬೆಲೆ ಬಿಲ್ಲೆಯ ಬೆಲೆಯೊಂದೇ ಅಲ್ಲ. ಬೆಳೆದ ಬೆಳೆ ಮಂಡಿ ಸೇರುವುದೂ, ಅದನ್ನು ಕೊಂಡೊಯ್ದವರು ಮನೆಗೆ ಹಿಂದಿರುಗುವುದೂ ನಟ್ಟಿನ ಆ ಎಂಟು ಸುತ್ತುಗಳ ಮೇಲೆ ನಿಂತಿದೆ ಎಂಬುದನ್ನು ನಮ್ಮ ರೈತ ಬಾಂಧವರು ಮರೆಯಬಾರದು.